ದಾವಣಗೆರೆಯಲ್ಲಿ ಹೊಡಿನೊಶೋನಿ ಋತು ಆಚರಣೆಗಳ ಶಿಬಿರ: ಕೇಳಲೇಬೇಕಾದ ಪಾಠ, ಕೈಬಿಡಬೇಕಾದ ಸಂಜೆ

ದಾವಣಗೆರೆಯ ಯೋಗ ಕೇಂದ್ರವೊಂದು ಈಚೆಗೆ ನಡೆಸುತ್ತಿರುವ ವಾರಾಂತ್ಯ ಶಿಬಿರದ ವಿಷಯ ಮೊದಲ ನೋಟಕ್ಕೆ ನಮ್ಮಿಂದ ಬಹಳ ದೂರದ್ದು: ಹೊಡಿನೊಶೋನಿ ಜನರ ಋತು ಆಚರಣೆಗಳು ಮತ್ತು ಆರೋಗ್ಯ. ಮುಖ್ಯವಾಗಿ ಇಂದಿನ ನ್ಯೂಯಾರ್ಕ್ ರಾಜ್ಯದಲ್ಲಿ ಮತ್ತು ಕೆನಡಾದ ಒಂಟಾರಿಯೊ, ಕ್ವಿಬೆಕ್ ಪ್ರಾಂತಗಳಲ್ಲಿ ನೆಲೆಸಿರುವ ಮೋಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕಾ, ಟಸ್ಕರೋರಾ ಎಂಬ ಆರು ಮೂಲನಿವಾಸಿ ರಾಷ್ಟ್ರಗಳ ಒಕ್ಕೂಟ ಇವರದು. ಆದರೆ ಮೆಕ್ಕೆಜೋಳವನ್ನೇ ನೆಚ್ಚಿ ಬದುಕುವ ರೈತರು ತುಂಬಿರುವ ನಮ್ಮ ಜಿಲ್ಲೆಗೆ, ಆ ಬೆಳೆಯ ಸುತ್ತ ತಮ್ಮ ವರ್ಷವನ್ನೇ ಕಟ್ಟಿಕೊಂಡ ಜನರ ಪರಿಚಯ ಬೇಕಾದುದೇ. ಪಾಠವೆಲ್ಲ ಕನ್ನಡದಲ್ಲಿದೆ; ಊಟವೂ ಸೇರಿ ಶುಲ್ಕ 900 ರೂಪಾಯಿ.

ಮೊದಲ ದಿನದ ಪಾಠವನ್ನು ನಾನು ಮನಸಾರೆ ಮೆಚ್ಚಿದೆ. ಹೊಡಿನೊಶೋನಿ ಜನರ ಸಭೆಗಳೂ ಆಚರಣೆಗಳೂ ಕೃತಜ್ಞತೆಯ ನುಡಿಯಿಂದ ಆರಂಭವಾಗುತ್ತವೆ. ಮನುಷ್ಯರು, ಭೂಮಿತಾಯಿ, ನೀರು, ಮೀನು, ಔಷಧಿ ಗಿಡಗಳು, ಮರ, ಹಕ್ಕಿ, ಗಾಳಿ, ಗುಡುಗು, ಸೂರ್ಯ, ಅಜ್ಜಿ ಚಂದ್ರ, ನಕ್ಷತ್ರ ಎಂದು ಒಂದೊಂದಕ್ಕೂ ಬೇರೆಬೇರೆಯಾಗಿ ವಂದಿಸಿ, ಪ್ರತಿ ಸಲವೂ ನಮ್ಮ ಮನಸ್ಸುಗಳು ಈಗ ಒಂದಾಗಿವೆ ಎಂದು ಹೇಳುತ್ತಾರೆ. ಶಿಕ್ಷಕಿ ಇದನ್ನು ಒಬ್ಬೊಬ್ಬರ ಮನಶ್ಶಾಂತಿಯ ಉಪಾಯವೆಂದು ಸರಳಗೊಳಿಸಲಿಲ್ಲ. ಇಲ್ಲಿ ಆರೋಗ್ಯವೆಂಬುದು ಒಬ್ಬನ ದೇಹದೊಳಗೆ ಮುಗಿಯುವ ಸಂಗತಿಯಲ್ಲ, ಊರು, ನೆಲ, ನೀರುಗಳ ನಡುವಿನ ಸಂಬಂಧ ಸರಿಯಾಗಿರುವುದೇ ಆರೋಗ್ಯ ಎಂಬುದನ್ನು ಅವರು ಒಂದೊಂದೇ ಆಚರಣೆಯ ಮೂಲಕ ಬಿಡಿಸಿ ತೋರಿಸಿದರು.

ಚಳಿಗಾಲದ ನಡುವಿನ ಆಚರಣೆ ಡಿಸೆಂಬರ್‌ನಲ್ಲಿ ವರ್ಷದ ಅತಿ ದೀರ್ಘ ರಾತ್ರಿ ಕಳೆದ ಮೇಲಿನ ಅಮಾವಾಸ್ಯೆಯ ಲೆಕ್ಕದಲ್ಲಿ ಜನವರಿ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. ಒಲೆಯ ಬೂದಿಯನ್ನು ಕಲಕುವುದು, ಮಕ್ಕಳಿಗೆ ಹೆಸರಿಡುವುದು, ಪೀಚ್ ಬೀಜಗಳ ಬಟ್ಟಲಾಟ, ಗರಿಗಳ ಮಹಾನೃತ್ಯ ಎಲ್ಲವೂ ಅದರಲ್ಲಿವೆ. ನನ್ನನ್ನು ಹೆಚ್ಚು ಸೆಳೆದದ್ದು ಕನಸಿನ ಭಾಗ. ಒಬ್ಬನ ಕನಸನ್ನು ಉಳಿದವರು ಊಹಿಸಿ ಹೇಳಬೇಕು, ಅದರಲ್ಲಿ ಅಡಗಿರುವ ಬಯಕೆಯನ್ನು ಆದಷ್ಟು ಈಡೇರಿಸಬೇಕು. ಆತ್ಮದ ಬಯಕೆ ಈಡೇರದಿದ್ದರೆ ಕಾಯಿಲೆ ಬರುತ್ತದೆ ಎಂದು ಈ ಭಾಗದ ಜನ ನಂಬಿದ್ದನ್ನು 17ನೆಯ ಶತಮಾನದ ಜೆಸ್ಯೂಟ್ ಪಾದ್ರಿಗಳೇ ಬರೆದಿಟ್ಟಿದ್ದಾರೆ. ಒಬ್ಬನ ಒಳಗಿನ ಕೊರಗು ಇಡೀ ಊರಿನ ಹೊಣೆಯಾಗುವ ಇಂಥ ವ್ಯವಸ್ಥೆಯ ಮುಂದೆ, ಬೇಸರವನ್ನು ಒಬ್ಬೊಬ್ಬರೇ ನುಂಗಿಕೊಂಡು ಬದುಕುವ ನಮ್ಮ ನಗರಜೀವನ ನಿಜಕ್ಕೂ ಬಡವಾಗಿ ಕಾಣುತ್ತದೆ.

ಆಮೇಲೆ ಮೇಪಲ್ ಮರದ ರಸ, ಗುಡುಗು, ಬಿತ್ತನೆ, ಜೂನ್‌ನಲ್ಲಿ ಸ್ಟ್ರಾಬೆರಿ, ಬೇಸಿಗೆಯ ಕೊನೆಗೆ ಹಸಿರು ಮೆಕ್ಕೆಜೋಳ, ಶರತ್ಕಾಲದಲ್ಲಿ ಸುಗ್ಗಿ, ಹೀಗೆ ಆಚರಣೆಗಳು ಸಾಗುತ್ತವೆ. ಅವುಗಳ ಕ್ರಮ ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತದೆ. ಸ್ಟ್ರಾಬೆರಿಯ ಜೊತೆಗೆ ಹ್ಯಾಂಡ್ಸಮ್ ಲೇಕ್ ಎಂಬ ಸೆನೆಕಾ ಮುಖಂಡರ ಕಥೆ ಬಂತು. ಕುಡಿತದಿಂದ ಹಾಸಿಗೆ ಹಿಡಿದಿದ್ದ ಅವರಿಗೆ 1799ರಲ್ಲಿ ದರ್ಶನಗಳಾದವು. ಮದ್ಯವನ್ನು ತೊರೆಯಬೇಕು, ಹಳೆಯ ಆಚರಣೆಗಳನ್ನು ಉಳಿಸಿಕೊಳ್ಳಬೇಕು ಎಂಬ ಅವರ ಬೋಧನೆಯನ್ನು ಇಂದಿಗೂ ಅಲ್ಲಿನ ಉದ್ದಮನೆಗಳೆಂಬ ಆಚರಣೆಯ ಸಭಾಮನೆಗಳಲ್ಲಿ ಪಠಿಸುತ್ತಾರೆ. ಹಳ್ಳಿಗಳಲ್ಲಿ ಸಾರಾಯಿಯ ವಿರುದ್ಧ ದನಿಯೆತ್ತಿದ ಹೆಂಗಸರು ಈ ಭಾಗವನ್ನು ಕೇಳಬೇಕಿತ್ತು ಎನಿಸಿತು. ಅವರಿಗೆ ಶುಲ್ಕ ಬಿಟ್ಟುಕೊಡುವ ಬಗ್ಗೆ ಕೇಂದ್ರದವರು ಯೋಚಿಸಲಿ.

ಮಧ್ಯಾಹ್ನದ ಊಟವೂ ಪಾಠದ ಮುಂದುವರಿಕೆಯೇ ಆಗಿತ್ತು. ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು, ಕುಂಬಳ, ಈ ಮೂರನ್ನು ಹೊಡಿನೊಶೋನಿ ಜನ ಮೂವರು ಅಕ್ಕತಂಗಿಯರೆಂದು ಕರೆದು ಒಂದೇ ಮಣ್ಣಿನ ದಿಬ್ಬದಲ್ಲಿ ಬೆಳೆಯುತ್ತಾರೆ: ಜೋಳದ ದಂಟು ಬಳ್ಳಿಗೆ ಆಸರೆ, ಕಾಳಿನ ಬೇರು ನೆಲಕ್ಕೆ ಸಾರಜನಕ, ಕುಂಬಳದ ಎಲೆ ನೆಲಕ್ಕೆ ನೆರಳು. ಕಟ್ಟಿಗೆಯ ಬೂದಿ ಹಾಕಿದ ನೀರಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಚೆನ್ನಾಗಿ ತೊಳೆದ ಜೋಳದ ಸಾರನ್ನು ಬಡಿಸಿದರು. ಬೂದಿಯ ಕ್ಷಾರ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವವನ್ನು ದೇಹಕ್ಕೆ ದಕ್ಕುವಂತೆ ಮಾಡುತ್ತದೆ. ಈ ವಿಧಾನವನ್ನು ಬಿಟ್ಟು ಬರಿಯ ಜೋಳವನ್ನಷ್ಟೇ ಒಯ್ದು ಅದರ ಮೇಲೆಯೇ ಬದುಕಿದ ಉತ್ತರ ಇಟಲಿಯ ಬಡವರನ್ನು ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರ ರೋಗ ಕಾಡಿತು. ಇಲ್ಲಿಯ ಮೆಕ್ಕೆಜೋಳದ ಬಹುಪಾಲು ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುವುದರಿಂದ, ಅದನ್ನು ಇಷ್ಟು ಗೌರವದಿಂದ ತಟ್ಟೆಯಲ್ಲಿ ಕಂಡದ್ದೇ ನನಗೆ ಸಂತೋಷ. ಸಾರಿಗೆ ಉಪ್ಪು ಕಡಿಮೆಯಿತ್ತು, ಕಾಳು ಹದವಾಗಿ ಬೆಂದಿತ್ತು.

ಎರಡನೆಯ ದಿನದ ಸಂಜೆಯನ್ನು ಮಾತ್ರ ನಾನು ಒಪ್ಪಲಾರೆ. ಒತ್ತಡ ನಿವಾರಣೆ ಎಂಬ ಹೆಸರಿನಲ್ಲಿ ದೀಪಗಳನ್ನು ಆರಿಸಿ, ತಮಟೆ ಬಾರಿಸುತ್ತ, ನಮ್ಮ ಕೈಯಲ್ಲಿ ಬೂದಿ ಕಲಕಿಸಿದರು. ಆ ಭಾಷೆ, ಆ ಕುಲಗಳು, ಆ ಹಿರಿಯರು ಯಾರೂ ಇಲ್ಲದೆ ನಡೆದದ್ದು ಆಚರಣೆಯಲ್ಲ. ಹೊರಗಿನವರು ಬಂದು ನಮ್ಮ ಸೀಗೆ ಹುಣ್ಣಿಮೆಯ ಪೂಜೆಯನ್ನು ಬಾಡಿಗೆ ಸಭಾಂಗಣದಲ್ಲಿ ಟಿಕೆಟ್ ಇಟ್ಟು ಮಾಡಿದರೆ, ಹೊಲದಲ್ಲಿ ಚರಗ ಚೆಲ್ಲಿ ಬೆಳೆದ ನಾವು ಸುಮ್ಮನಿರುತ್ತೇವೆಯೇ? ಕೊಟ್ಟ ಕೈಪಿಡಿಯಲ್ಲಿ ರೋಗ ಗುಣಪಡಿಸುವ ಆಚರಣೆ ನಡೆಸುವ ಅವರ ಔಷಧಿ ಸಂಘದ ಮುಖವಾಡದ ಚಿತ್ರವೂ ಇದೆ. ಆ ಮುಖವಾಡಗಳನ್ನು ಪ್ರದರ್ಶಿಸಬಾರದು, ಮಾರಬಾರದು, ಚಿತ್ರ ಹಾಕಬಾರದು ಎಂದು ಒಕ್ಕೂಟದ ಮುಖಂಡರ ಸಭೆಯಾದ ಹೊಡಿನೊಶೋನಿ ಮಹಾಮಂಡಲಿಯೇ ಸ್ಪಷ್ಟವಾಗಿ ಕೇಳಿಕೊಂಡಿದೆ. ಮುಂದಿನ ಮುದ್ರಣದಲ್ಲಿ ಆ ಪುಟವನ್ನು ತೆಗೆಯಲೇಬೇಕು.

ಆ ಸಂಜೆಯ ಬದಲು ಅವರ ಸಾಂತ್ವನ ಪದ್ಧತಿಯ ಬಗ್ಗೆ ಪಾಠವನ್ನಷ್ಟೇ ಇಡಬಹುದು. ದುಃಖದಲ್ಲಿರುವವನ ಕಣ್ಣೀರು ಒರೆಸುವ, ಕಿವಿಯ ತಡೆ ತೆಗೆಯುವ, ಗಂಟಲಿನ ಅಡ್ಡಿ ಬಿಡಿಸುವ ಮಾತುಗಳನ್ನು ಅವರು ವ್ಯಾಂಪಮ್ ಎಂಬ ಚಿಪ್ಪಿನ ಮಣಿಸರಗಳನ್ನು ಹಿಡಿದು ಹೇಳುತ್ತಾರೆ. ಶಿಕ್ಷಕಿಗೆ ಅದು ಚೆನ್ನಾಗಿ ಗೊತ್ತಿತ್ತು, ಆದರೆ ಸಮಯವಿಲ್ಲವೆಂದು ಎರಡೇ ಮಾತಿನಲ್ಲಿ ಮುಗಿಸಿದರು. ಸದ್ಯಕ್ಕೆ ಮೊದಲ ದಿನಕ್ಕೆ ಮಾತ್ರ ಹೆಸರು ಕೊಡಲು ಅವಕಾಶವಿದೆ, ಅದಕ್ಕೆ ಶುಲ್ಕವೂ ಅರ್ಧ. ಹೋಗುವವರು ಅದನ್ನೇ ಆರಿಸಿಕೊಳ್ಳಿ.