ಶೋಧಗಂಗಾ ರಿವ್ಯೂ: ನಮ್ಮೂರ ಕೆರೆಯ ಎರಡನೇ ತೂಬು ಸಿಕ್ಕಿದ್ದು ಇಲ್ಲೇ (5ಕ್ಕೆ 4)

ಮೊದಲೇ ಹೇಳ್ಬಿಡ್ತೀನಿ, ನಾನು ಪಿಎಚ್‌ಡಿ ಮಾಡಿದೋನಲ್ಲ, ಮಾಡೋ ಯೋಚ್ನೆನೂ ಇಲ್ಲ. ಕೋಲಾರ ಜಿಲ್ಲೆ ಒಂದು ಹಳ್ಳೀಲಿ ಹಾಲಿನ ಡೈರಿ ಸೆಕ್ರೆಟರಿ ನಾನು. ಬೆಳಿಗ್ಗೆ ಫ್ಯಾಟ್ ನೋಡೋದು, ಸಂಜೆ ಮತ್ತೆ ಫ್ಯಾಟ್ ನೋಡೋದು, ಮಧ್ಯ ಸಿಗೋ ಟೈಮಲ್ಲಿ ಈ ಶೋಧಗಂಗಾ (ಪಿಎಚ್‌ಡಿಗೆ ಬರೆಯೋ ಪ್ರಬಂಧ, ಅಂದ್ರೆ ಥೀಸಿಸ್‌ಗಳನ್ನ ಇಟ್ಟಿರೋ ವೆಬ್‌ಸೈಟು) ಹಿಡ್ಕೊಂಡು ಕೂತಿರ್ತೀನಿ, ಆರು ತಿಂಗಳಾಯ್ತು, ಮನೇಲಿ ಬೈಸ್ಕೊಂಡಿದ್ದೂ ಆಯ್ತು. ಪಿಎಚ್‌ಡಿ ಮಾಡೋರಿಗೆ ಇದು ಗೊತ್ತೇ ಇರತ್ತೆ, ನಾನು ಬರೀತಿರೋದು ನನ್ನ ಥರ ಹೊರಗಿನೋರಿಗೆ.

ಶುರುವಾಗಿದ್ದು ಹೀಗೆ. ಡೈರಿಗೆ 50 ವರ್ಷ ತುಂಬ್ತಿದೆ, ಸ್ಮರಣ ಸಂಚಿಕೆ ತರೋಣ ಅಂತ ಮೀಟಿಂಗಲ್ಲಿ ತೀರ್ಮಾನ ಆಯ್ತು, ಅಧ್ಯಕ್ಷರು "ಊರಿನ ಇತಿಹಾಸ, ಕೆರೆ ಇತಿಹಾಸ ನೀನೇ ಬರೆದ್ಬಿಡಪ್ಪ, ನಿಂಗೆ ಕೈಬರಹ ಚೆನ್ನಾಗಿದೆ" ಅಂದ್ರು. ಕೈಬರಹಕ್ಕೂ ಇತಿಹಾಸಕ್ಕೂ ಏನು ಸಂಬಂಧ ಕೇಳ್ಬೇಡಿ. ಗೆಜೆಟಿಯರ್ ನೋಡಿದ್ರೆ ತಾಲೂಕಿನ ಬಗ್ಗೆ ಇದೆ, ನಮ್ಮೂರಿಲ್ಲ. ಬಿ.ಎಲ್. ರೈಸ್ ಸಾಹೇಬ್ರ ಶಾಸನ ಸಂಪುಟಗಳಲ್ಲಿ 10ನೇದು ಕೋಲಾರ ಜಿಲ್ಲೆದು, 1905ರಲ್ಲಿ ಬಂದಿದ್ದು, ಅದ್ರಲ್ಲಿ ಪಕ್ಕದೂರ ಕಲ್ಲಿದೆ, ನಮ್ದಿಲ್ಲ. ಯಾರೋ ಹೇಳಿದ್ರು, ಎಂಬತ್ತರ ದಶಕದಲ್ಲಿ ಒಬ್ಬ ಮೇಷ್ಟ್ರು ನಮ್ ಕಡೆ ಕೆರೆಗಳ ಮೇಲೆ ಥೀಸಿಸ್ ಬರೆದಿದ್ರು, ಊರಿಗೂ ಬಂದಿದ್ರು ಅಂತ. ಸರಿ, ಒಂದಿನ ರಜೆ ಹಾಕಿ ಒಂದು ಯುನಿವರ್ಸಿಟಿ ಲೈಬ್ರರಿಗೆ ಹೋದೆ. ಹೆಸರು ಬೇಡ. ಕೌಂಟರಲ್ಲಿದ್ದೋರು ಯಾವ ಡಿಪಾರ್ಟ್‌ಮೆಂಟು ಅಂದ್ರು, ಹಾಲಿನ ಡೈರಿ ಅಂದೆ, ಮುಖ ನೋಡಿದ್ರು. ಗೈಡ್ (ಪಿಎಚ್‌ಡಿ ಮಾಡಿಸೋ ಮೇಷ್ಟ್ರು) ಲೆಟರ್ ತನ್ನಿ, ಥೀಸಿಸ್ ಸೆಕ್ಷನ್ ಹೊರಗಿನೋರಿಗಿಲ್ಲ, ಝೆರಾಕ್ಸ್ ಅಂತೂ ಇಲ್ವೇ ಇಲ್ಲ. ಬಸ್ ಸ್ಟ್ಯಾಂಡಲ್ಲಿ ಎರಡು ಇಡ್ಲಿ ತಿಂದು ವಾಪಸ್ ಬಂದೆ.

ಆಮೇಲೆ ಎಂ.ಎ. ಓದ್ತಿರೋ ನಮ್ಮಕ್ಕನ ಮಗಳು ನಕ್ಕು, "ಮಾಮ, ಅದಕ್ಯಾಕೆ ಅಲ್ಲಿಗೆ ಹೋದ್ರಿ, ಶೋಧಗಂಗಾದಲ್ಲಿ ನೋಡ್ಬಾರ್ದಾ" ಅಂದ್ಲು.

ಇದು ಗುಜರಾತಿನ ಗಾಂಧಿನಗರದಲ್ಲಿರೋ ಇನ್‌ಫ್ಲಿಬ್‌ನೆಟ್ ಅನ್ನೋ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸಂಸ್ಥೆ ನಡೆಸೋ ಭಂಡಾರ. ದೇಶದ ಯುನಿವರ್ಸಿಟಿಗಳಲ್ಲಿ ಪಾಸಾದ ಪಿಎಚ್‌ಡಿ ಥೀಸಿಸ್‌ಗಳನ್ನ ಒಂದು ಕಡೆ ಇಟ್ಟಿದಾರೆ. 2009ರಲ್ಲಿ ಯುಜಿಸಿ ರೂಲ್ ಬಂತು, ಥೀಸಿಸ್‌ದು ಸಾಫ್ಟ್ ಕಾಪಿನೂ ಕೊಡ್ಲೇಬೇಕು, ಅದು ಎಲ್ಲರಿಗೂ ಸಿಗೋ ಹಾಗಿರ್ಬೇಕು ಅಂತ, ಅಲ್ಲಿಂದ ಜೋರಾಯ್ತು. ಈಗ 5 ಲಕ್ಷಕ್ಕೂ ಮೇಲೆ ಇದೆ. ಹಳೇದನ್ನ ಸ್ಕ್ಯಾನ್ ಮಾಡ್ಸೋಕೂ ಯುಜಿಸಿ ದುಡ್ಡು ಕೊಟ್ಟಿದೆ, ಹಾಗಾಗಿ ಟೈಪ್‌ರೈಟರ್ ಕಾಲದ್ದೂ ಸಿಗತ್ತೆ. ಓದೋಕೆ ನಯಾ ಪೈಸೆ ಕೊಡಂಗಿಲ್ಲ, ಗೈಡ್ ಲೆಟರ್ ಅಂತೂ ಬೇಡವೇ ಬೇಡ. ನಮ್ ಜಿಲ್ಲೇಲಿ ವರ್ಷ ಪೂರ್ತಿ ಹರಿಯೋ ನದಿ ಒಂದೂ ಇಲ್ಲ, ಕೊನೆಗೆ ಕೆರೆ ಹುಡ್ಕೋಕೆ ಗಂಗೆ ಹೆಸರಿಟ್ಕೊಂಡಿರೋ ಜಾಗಕ್ಕೇ ಬರ್ಬೇಕಾಯ್ತು ನೋಡಿ.

ಒಳಗೆ ಹೋದ್ರೆ ಮೊದಲನೇ ಸಲ ಗಾಬರಿ ಆಗತ್ತೆ. ಒಂದು ಥೀಸಿಸ್ ಓಪನ್ ಮಾಡಿದ್ರೆ ಪುಸ್ತಕದ ಥರ ಒಂದೇ ಫೈಲ್ ಇರಲ್ಲ, ಕುಯ್ದು ಕುಯ್ದು ಇಟ್ಟಿರ್ತಾರೆ. 01 ಟೈಟಲ್, ಆಮೇಲೆ ಸರ್ಟಿಫಿಕೇಟು, ಪರಿವಿಡಿ, ಅಬ್‌ಸ್ಟ್ರಾಕ್ಟು, ಚಾಪ್ಟರ್ 1, ಚಾಪ್ಟರ್ 2, ಹಿಂಗೆ ಹೋಗಿ ಹೋಗಿ ಕೊನೇಲಿ 80 ರೆಕಮೆಂಡೇಶನ್ ಅಂತ ಒಂದು. ನಾನು ಅಯ್ಯೋ 80 ಚಾಪ್ಟರ್ ಓದ್ಬೇಕಾ ಅಂದ್ಕೊಂಡೆ. ಇಲ್ಲ, ಅದು ಅವರು ಇಟ್ಕೊಂಡಿರೋ ನಂಬರ್ ಅಷ್ಟೇ, ಅದ್ರಲ್ಲಿ ಟೈಟಲ್ ಜೊತೆ ಕೊನೇ ತೀರ್ಮಾನದ ಭಾಗ ಇರತ್ತೆ, ಅರ್ಜೆಂಟಲ್ಲಿ ಇರೋರು ಅದೊಂದು ನೋಡಿದ್ರೆ ಥೀಸಿಸ್ ನಮಗೆ ಬೇಕಾ ಬೇಡ್ವಾ ಗೊತ್ತಾಗ್ಬಿಡತ್ತೆ. ಹಳ್ಳಿ ನೆಟ್‌ವರ್ಕಿಗೆ ಈ ತುಂಡು ಫೈಲ್ ವರ, 200 ಎಂಬಿ ಒಟ್ಟಿಗೆ ಎಳೆಯೋ ತಾಪತ್ರಯ ಇಲ್ಲ.

ಇನ್ನು ಅಲ್ಲಿರೋ ವೆರೈಟಿ! ನಾನು ಪಿಎಚ್‌ಡಿ ಅಂದ್ರೆ ಒಂದೋ ರಾಕೆಟ್ಟು, ಇಲ್ಲಾ ಪಂಪ ರನ್ನ ಅಂದ್ಕೊಂಡಿದ್ದೆ. ಬೀಡಿ ಕಟ್ಟೋ ಹೆಂಗಸ್ರ ಬಗ್ಗೆ ಇದೆ, ಅಡಿಕೆ ಮಾರ್ಕೆಟ್ ಬಗ್ಗೆ ಇದೆ, ಯಕ್ಷಗಾನ, ಗಾದೆ, ಕಬಡ್ಡಿ ಆಡೋರ ಫಿಟ್ನೆಸ್ಸು, ಕಾಲೇಜ್ ಲೈಬ್ರರಿಗೆ ಹುಡುಗ್ರು ಬರ್ತಾರಾ ಇಲ್ವಾ ಅನ್ನೋದು, ಊರ ಹೆಸರುಗಳು ಹೆಂಗೆ ಬಂದ್ವು ಅನ್ನೋದು. ಹಾಲಿನ ಸಂಘಗಳ ಮೇಲಂತೂ ಬೇಜಾನ್ ಇದೆ, ನಮ್ಮನ್ನ ಇಷ್ಟು ಜನ ಸ್ಟಡಿ ಮಾಡಿದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಕೆಲವು ಓದಿದ್ರೆ ನಿದ್ದೆ ಗ್ಯಾರಂಟಿ, ಮೊದಲ ನೂರು ಪುಟ ಬರೀ ಹಿಂದಿನೋರು ಏನು ಹೇಳಿದ್ರು ಅನ್ನೋದೇ, ಕೊನೇಲಿ "ಸರ್ಕಾರ ಗಮನ ಹರಿಸಬೇಕು". ಕೆಲವು ಮಾತ್ರ ರಾತ್ರಿ ಹನ್ನೆರಡಾದ್ರೂ ಫೋನ್ ಕೆಳಗಿಡೋಕೆ ಬಿಡಲ್ಲ.

ಒಂದು ಭಾಷಾಶಾಸ್ತ್ರದ ಹಳೇ ಥೀಸಿಸ್ ನೋಡಿದೆ. ಇಂಗ್ಲಿಷ್ ಟೈಪ್‌ರೈಟರಲ್ಲಿ ಹೊಡ್ದಿದಾರೆ, ಆದ್ರೆ ಅದ್ರಲ್ಲಿ ಟ ಠ ಡ ಣ ತೋರ್ಸೋಕೆ ಚುಕ್ಕಿ ಇಲ್ವಲ್ಲ, ದೀರ್ಘಕ್ಕೆ ಮೇಲೆ ಗೆರೆನೂ ಇಲ್ಲ, ಹಾಗಾಗಿ ಪ್ರತಿ ಪುಟದಲ್ಲೂ ಪ್ರತಿ ಅಕ್ಷರದ ಕೆಳಗೆ ಪೆನ್ನಲ್ಲಿ ಚುಕ್ಕಿ ಇಟ್ಕೊಂಡು ಹೋಗಿದಾರೆ, ಮುನ್ನೂರು ಚಿಲ್ಲರೆ ಪುಟ. ನಡುವೆ ಎಲ್ಲೋ ಪೆನ್ನಿನ ಇಂಕ್ ಬಣ್ಣ ಬದಲಾಗಿದೆ, ನೀಲಿ ಮುಗಿದು ಕಪ್ಪು ಶುರು. ಪಿಎಚ್‌ಡಿ ಅಂದ್ರೆ ಕಟ್ ಪೇಸ್ಟ್ ಅಂತ ಆಡ್ಕೊಳ್ಳೋರಿಗೆ ಆ ಪುಟ ತೋರಿಸ್ಬೇಕು ಅನ್ಸತ್ತೆ. (ಕಟ್ ಪೇಸ್ಟ್ ಇಲ್ಲ ಅಂತಲ್ಲ. ಅದಕ್ಕೇ 2018ರಲ್ಲಿ ಯುಜಿಸಿ ರೂಲ್ ತಂತು, 10 ಪರ್ಸೆಂಟ್‌ವರೆಗೆ ಹೋಲಿಕೆ ಇದ್ರೆ ಓಕೆ, 60 ದಾಟಿದ್ರೆ ರಿಜಿಸ್ಟ್ರೇಷನ್ನೇ ಕ್ಯಾನ್ಸಲ್.)

ಈಗ ಕೆರೆ ವಿಷ್ಯ. ಆ ಮೇಷ್ಟ್ರ ಥೀಸಿಸ್ ಸಿಕ್ತು, ಆದ್ರೆ ಎರಡು ವಾರ ಬೇಕಾಯ್ತು. ನಾನು ಹುಡುಕಿದ್ದು "ಕೆರೆ" ಅಂತ, ಅದು ಇದ್ದಿದ್ದು ಇಂಗ್ಲಿಷಲ್ಲಿ "ಟ್ಯಾಂಕ್ ಇರಿಗೇಶನ್" ಅನ್ನೋ ಹೆಸರಲ್ಲಿ, ಇತಿಹಾಸ ವಿಭಾಗದಲ್ಲೂ ಅಲ್ಲ, ಅರ್ಥಶಾಸ್ತ್ರದಲ್ಲಿ. ಇದು ನೆನಪಿಟ್ಕೊಳ್ಳಿ, ನಮಗೆ ಬೇಕಾದ್ದು ನಾವಂದುಕೊಂಡ ಡಿಪಾರ್ಟ್‌ಮೆಂಟಲ್ಲಿ ಇರಲ್ಲ. ಬೆಸ್ಟ್ ಅಂದ್ರೆ ಯುನಿವರ್ಸಿಟಿ ಹೆಸರು ಒತ್ತಿ, ಡಿಪಾರ್ಟ್‌ಮೆಂಟ್ ಒತ್ತಿ, ಪಟ್ಟಿನ ಮೇಲಿಂದ ಕೆಳಗೆ ಸುಮ್ನೆ ನೋಡ್ಕೊಂಡು ಹೋಗೋದು, ಮೈಸೂರು, ಧಾರವಾಡ, ಬೆಂಗಳೂರು, ಹಂಪಿ ಕನ್ನಡ ವಿಶ್ವವಿದ್ಯಾಲಯ, ಒಂದೊಂದ್ರದ್ದು ಒಂದೊಂದು ರುಚಿ. ಹಾಗೆ ನೋಡ್ತಾ ಬೇರೇನೋ ಸಿಗತ್ತೆ, ಕೆರೆ ಹುಡುಕೋಕೆ ಹೋಗಿ ನಾನು ಗಾದೆ ಮೇಲಿನ ಥೀಸಿಸ್ ಓದಿ ಎರಡು ದಿನ ಕಳೆದೆ.

ಥೀಸಿಸ್‌ನ ಚಾಪ್ಟರ್‌ಗಳು ಸುಮಾರು. ನಿಜವಾದ ಮಾಲು ಇದ್ದಿದ್ದು ಅನುಬಂಧದಲ್ಲಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ, ಯಾವ ಥೀಸಿಸ್ ತಗೊಂಡ್ರೂ ಮೊದಲು ಅನುಬಂಧ ಓಪನ್ ಮಾಡಿ. ಚಾಪ್ಟರಲ್ಲಿ ಗೈಡ್‌ಗೆ ಇಷ್ಟ ಆಗೋ ಭಾಷೆ ಇರತ್ತೆ, ಅನುಬಂಧದಲ್ಲಿ ಊರಿರತ್ತೆ. ಅಲ್ಲಿ ಪ್ರಶ್ನಾವಳಿ ಇತ್ತು, ಮನೇಲಿ ಎತ್ತು ಎಷ್ಟು, ಅಚ್ಚುಕಟ್ಟಲ್ಲಿ ಜಮೀನೆಷ್ಟು, ಹೂಳು ತೆಗೆಯೋಕೆ ಮನೆಗೊಬ್ರು ಹೋಗ್ತಿದ್ರಾ. ಕೆರೆ ನೀರು ಹಂಚೋ ನೀರಗಂಟಿಗೆ ಸುಗ್ಗೀಲಿ ಯಾರ್ಯಾರು ಎಷ್ಟೆಷ್ಟು ಭತ್ತ ಅಳೀಬೇಕು ಅನ್ನೋ ಲೆಕ್ಕ ಇತ್ತು. ಮತ್ತೆ ನಮ್ಮೂರ ಕೆರೆದು ಕೈಯಲ್ಲಿ ಬರೆದ ಸ್ಕೆಚ್ಚು. ಏರಿ, ಕೋಡಿ (ಕೆರೆ ತುಂಬಿದ್ರೆ ನೀರು ಹೊರಗೋಗೋ ಜಾಗ), ಮತ್ತೆ ಎರಡು ತೂಬು (ಗದ್ದೆಗೆ ನೀರು ಬಿಡೋ ಬಾಗಿಲು). ಎರಡು! ನಾನು ಹುಟ್ಟಿದಾಗಿಂದ ನೋಡಿರೋದು ಒಂದೇ ತೂಬು. ಇನ್ನೊಂದು ಇದ್ದ ಜಾಗದಲ್ಲಿ ಈಗ ಪಂಚಾಯ್ತಿ ಮಳಿಗೆ ಇದೆ, ಅಲ್ಲಿ ಚಿಕನ್ ಅಂಗಡಿ.

ಥೀಸಿಸ್‌ನಲ್ಲಿ ತಾಲೂಕಿನ ದೊಡ್ಡ ಮ್ಯಾಪೂ ಇತ್ತು, ಅದು ಮಡಿಚಿಟ್ಟಿರೋ ಉದ್ದನೇ ಹಾಳೆ. ಸ್ಕ್ಯಾನ್ ಮಾಡಿದ ಪುಣ್ಯಾತ್ಮ ಅದನ್ನ ಬಿಡಿಸ್ದೇ, ಮಡಿಚಿದ ಹಾಗೇ ಸ್ಕ್ಯಾನ್ ಮಾಡಿದಾನೆ! ಮೂರರಲ್ಲಿ ಒಂದು ಭಾಗ ಕಾಣತ್ತೆ, ಉಳಿದಿದ್ದು ಬೆನ್ನು. ಆ ಯುನಿವರ್ಸಿಟಿ ಯಾವ್ದು ಅಂತ ಹೇಳಲ್ಲ, ಒಂದು ಸೆಕೆಂಡ್ ಕೆಲಸ ಅದು, ಕೈ ಹಾಕಿ ಬಿಡಿಸಿದ್ರೆ ಆಗ್ತಿತ್ತು. ಅಪ್‌ಲೋಡ್ ಮಾಡೋದು ಆಯಾ ಯುನಿವರ್ಸಿಟಿಯೋರು, ಅವರು ಹೆಂಗೆ ಕೊಟ್ರೆ ಭಂಡಾರದಲ್ಲಿ ಹಂಗೇ ಇರತ್ತೆ.

ಸ್ಕೆಚ್ಚು ತಗೊಂಡೋಗಿ ನಮ್ಮೂರ ನೀರಗಂಟಿ ಮನೆತನದ ತಾತನಿಗೆ ಫೋನಲ್ಲಿ ತೋರಿಸ್ದೆ. ಕಣ್ಣು ಕಿರಿದು ಮಾಡಿ ನೋಡಿ, "ಯಾವನೋ ಇದನ್ನ ಬರ್ದಿರೋನು, ಕೋಡಿ ಆ ಕಡೆಗಾಕವ್ನೆ, ಕೋಡಿ ಇರೋದು ಈ ಕಡೆ, ಇವನಿಗೆ ಡಾಕ್ಟ್ರು ಪಟ್ಟ ಬೇರೆ ಕೊಟ್ಟವ್ರಾ" ಅಂತ ರೇಗಿದ್ರು. ನಂಗೂ ಡೌಟ್ ಬಂತು. ಆಮೇಲೆ ನೋಡಿದ್ರೆ ಮೂಲೇಲಿ ಉತ್ತರ ದಿಕ್ಕಿನ ಬಾಣ ಕೆಳಗಡೆ ಮುಖ ಮಾಡಿದೆ, ಮೇಷ್ಟ್ರು ಏರಿ ಮೇಲೆ ನಿಂತು ಕೆರೆ ನೋಡೋ ಥರ ಬರೆದಿದಾರೆ. ಫೋನ್ ತಿರುಗಿಸ್ದೆ, ಅದು ತಾನೂ ತಿರುಗಿ ಮತ್ತೆ ಹಂಗೇ ನಿಲ್ತು. ಆಟೋ ರೊಟೇಟ್ ಆಫ್ ಮಾಡಿ ತೋರಿಸ್ದಾಗ ತಾತ ಅರ್ಧ ನಿಮಿಷ ಸುಮ್ನಿದ್ದು, "ಇದು ನಮ್ಮಪ್ಪನ ಕೇಳೇ ಬರ್ದಿರೋದು" ಅಂದ್ರು. ಎರಡನೇ ತೂಬಿನ ಹೆಸರೂ ಹೇಳಿದ್ರು, ಅದು ಥೀಸಿಸ್‌ನಲ್ಲಿಲ್ಲ, ಸಂಚಿಕೇಲಿ ನಾನು ಹಾಕ್ತೀನಿ.

ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ, ಕನ್ನಡ ಥೀಸಿಸ್ ಹುಡುಕೋರ ಪಾಡು. ಎಷ್ಟೋ ಕನ್ನಡ ಥೀಸಿಸ್‌ಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ತುಂಬಿರ್ತಾರೆ, ಒಬ್ರು ಜಾನಪದಕ್ಕೆ ಒಂದು ಎ ಹಾಕಿದ್ರೆ ಇನ್ನೊಬ್ರು ಎರಡು ಎ, ಮತ್ತೊಬ್ರು ಫೋಕ್ ಲೋರ್ ಅಂತ ಹಾಕಿರ್ತಾರೆ, ಮೂರೂ ಥರ ಹುಡುಕ್ಬೇಕು. ಒಳಗಡೆ ಇನ್ನೂ ಕಷ್ಟ, ಹಳೇ ನುಡಿ, ಶ್ರೀಲಿಪಿ ಫಾಂಟಲ್ಲಿ ಟೈಪ್ ಮಾಡಿರೋ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದ್ರೆ ಇಂಗ್ಲಿಷ್ ಅಕ್ಷರಕ್ಕೆಲ್ಲ ಕೊಂಬು ಬಾಲ ಬಂದ ಹಾಗೆ ಕಾಣತ್ತೆ. ಎಲ್ಲ ಫೋನಲ್ಲೂ ಸರಿಯಾಗಿ ಕಾಣೋ ಯುನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್ ಇಟ್ಕೊಂಡಿರಿ. ಸ್ಕ್ಯಾನ್ ಮಾಡಿರೋದು ಬರೀ ಫೋಟೋ, ಅದ್ರೊಳಗೆ ಪದ ಹುಡುಕೋಕಾಗಲ್ಲ, ಕಣ್ಣಲ್ಲೇ ಓದ್ಬೇಕು.

ಇನ್ನೆರಡು ಮಾತು. ರಾಗಿ, ರೇಷ್ಮೆ, ಮಾವು, ಟೊಮೆಟೊ ಅಂತ ಹುಡುಕೋ ರೈತರು ಕೃಷಿಕೋಶ ಅನ್ನೋ ವೆಬ್‌ಸೈಟ್ ನೋಡಿ, ಕೃಷಿ ವಿವಿಗಳ ಥೀಸಿಸ್ ಅಲ್ಲಿ ಸಿಗತ್ತೆ. ಮತ್ತೆ ಎಲ್ಲಾದ್ರೂ ಉಲ್ಲೇಖ ಮಾಡೋದಾದ್ರೆ ಬ್ರೌಸರ್ ಮೇಲಿರೋ ಲಿಂಕ್ ಕೊಡ್ಬೇಡಿ, ಪ್ರತಿ ಥೀಸಿಸ್‌ಗೂ 10603ರಿಂದ ಶುರುವಾಗೋ ಹ್ಯಾಂಡಲ್ ನಂಬರ್ ಇರತ್ತೆ, ಅದು ಶಾಶ್ವತ ವಿಳಾಸ. ಬೇಕಾದ್ದನ್ನ ಡೌನ್‌ಲೋಡ್ ಮಾಡಿ ಇಟ್ಕೊಂಬಿಡಿ. 2023ರ ಅಕ್ಟೋಬರಲ್ಲಿ ಲಂಡನ್‌ನ ಬ್ರಿಟಿಷ್ ಲೈಬ್ರರಿ ಮೇಲೆ ಸೈಬರ್ ದಾಳಿ ಆದಾಗ ಅವರ ಥೀಸಿಸ್ ಸರ್ವಿಸೂ ಬಾಗಿಲು ಹಾಕ್ತು, ಅಷ್ಟು ದೊಡ್ಡೋರಿಗೇ ಹಂಗಾದ್ರೆ ಇನ್ಯಾರನ್ನ ನಂಬೋದು.

ಕೊನೇದಾಗಿ ಒಂದು ತಪ್ಪೊಪ್ಪಿಗೆ. ಕೆಲವು ವರ್ಷದ ಹಿಂದೆ ನಮ್ ಡೈರಿಗೂ ಒಬ್ಬ ಹುಡುಗಿ ಬಂದಿದ್ಲು, ಪಿಎಚ್‌ಡಿ ಮಾಡ್ತಿದೀನಿ ಸರ್, ಹಾಲು ಹಾಕೋರ ಹತ್ರ ಈ ಫಾರಂ ತುಂಬಿಸ್ಕೊಡಿ ಅಂತ ಕೈ ಮುಗಿದ್ಲು, ಪಾಪ ಬಿಸಿಲಲ್ಲಿ ಬಸ್ಸಿಳಿದು ನಡ್ಕೊಂಡು ಬಂದಿದ್ಲು. ಸಂಜೆ ಹಾಲಿನ ರಷ್ಷಲ್ಲಿ ಯಾರು ತುಂಬ್ತಾರೆ, ಕೆಲವು ಫಾರಂ ನಾನೇ ಕೂತು ಬೇರೆ ಬೇರೆ ಪೆನ್ನಲ್ಲಿ ಟಿಕ್ ಹಾಕಿ ಕೊಟ್ಟು ಕಳ್ಸಿದ್ದೆ. ಈಗ ರಾತ್ರಿ ಹೊತ್ತು ಹಾಲಿನ ಸಂಘದ ಹೊಸ ಥೀಸಿಸ್ ಬಂತಾ ಅಂತ ನೋಡ್ತಿರ್ತೀನಿ, ಆ ಹುಡುಗೀದು ಇನ್ನೂ ಕಂಡಿಲ್ಲ, ಕಂಡ್ರೆ ಟೇಬಲ್‌ಗಳನ್ನ ಓಪನ್ ಮಾಡೋಕೆ ಧೈರ್ಯ ಬೇಕು. ಪಶು ಆಹಾರದ ಗುಣಮಟ್ಟ ಹೇಗಿದೆ ಅನ್ನೋದಕ್ಕೆ ನನ್ನ ಹೆಸರಿನ ಫಾರಂನಲ್ಲಿ "ಬಹಳ ತೃಪ್ತಿ" ಅಂತ ಟಿಕ್ ಹಾಕಿದ್ದೆ, ಆಗ ನಮ್ಮನೇಲಿ ಹಸುನೇ ಇರ್ಲಿಲ್ಲ.