‘ದೇವಿಯ ಕಾವಲಿದೆ’ ಫಲಕ: ಅಡಿಕೆ ತೋಟಕ್ಕೆ ಎಷ್ಟು ಕಾವಲು?

ಸಾಗರ, ಹೊಸನಗರ, ಸೊರಬದ ಕಡೆ ತೋಟದ ದಣಪೆಯ (ಬೇಲಿಬಾಗಿಲಿನ) ಪಕ್ಕದಲ್ಲಿ ಒಂದು ಫಲಕ ಕಾಣುತ್ತದೆ: ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ. ಅದರ ಹಿಂದಿನ ಭಕ್ತಿ ಅವರವರದು, ಅದನ್ನು ಅಳೆಯುವ ಹಕ್ಕು ಯಾರಿಗೂ ಇಲ್ಲ. ಇಲ್ಲಿ ನೋಡುತ್ತಿರುವುದು ತೋಟ ಕಾಯುವ ವ್ಯವಸ್ಥೆಯಾಗಿ ಅದು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದನ್ನು ಮಾತ್ರ. ಬೇಯಿಸಿ ಒಣಗಿಸಿದ ಕೆಂಪಡಿಕೆಯ ದರ್ಜೆಯಾದ ರಾಶಿ ಇಡಿಯ ದರ ಕ್ವಿಂಟಾಲಿಗೆ 50 ಸಾವಿರ ದಾಟುವ ಕಾಲದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಅಡಿಕೆ ಕಳವಿನಲ್ಲಿ ಎರಡು ಬಗೆ. ರಾತ್ರಿ ಮರ ಹತ್ತಿಯೋ ದೋಟಿ ಹಾಕಿಯೋ ಹಸಿ ಕೊನೆ (ಗೊನೆ) ಇಳಿಸುವುದು ಒಂದು. ಬೇಯಿಸಿ ಅಂಗಳದಲ್ಲಿ ಒಣಹಾಕಿದ್ದನ್ನು ಚೀಲಕ್ಕೆ ತುಂಬಿಕೊಂಡು ಹೋಗುವುದು ಇನ್ನೊಂದು. ಹಸಿಯದು ಹೊರೆ ಹೆಚ್ಚು, ದುಡ್ಡು ಕಡಿಮೆ. ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಸಿಗುವುದು 12–13 ಕಿಲೋ. ಹಾಗಾಗಿ ಹಸಿ ಕೊನೆಗೆ ಕೈ ಹಾಕುವವರು ಸಾಮಾನ್ಯವಾಗಿ ಕಾಲುದಾರಿ ಬಲ್ಲ ಆಸುಪಾಸಿನವರೇ, ದೇವಿಯ ಹೆಸರು ಕೇಳಿ ಬೆಳೆದವರೇ. ಅವರ ಮೇಲೆ ಫಲಕಕ್ಕೆ ನಿಜವಾದ ಹಿಡಿತವಿದೆ. ಒಣ ಅಡಿಕೆಗೆಂದು ದೂರದಿಂದ ಗಾಡಿ ತರುವವರು ಅದನ್ನು ಓದುವುದೇ ಇಲ್ಲ. ಕದ್ದ ಮಾಲನ್ನು ಕಣ್ಣುಮುಚ್ಚಿ ಕೊಳ್ಳುವ ವ್ಯಾಪಾರಿಯಂತೂ ಫಲಕದ ಹತ್ತಿರವೇ ಸುಳಿಯುವುದಿಲ್ಲ, ಕಳವು ನಡೆಯುವುದು ಅವನಿಂದಲೇ ಆದರೂ.

ಹೋಲಿಕೆಗೆ ಸೋಲಾರ್ ಕ್ಯಾಮೆರಾ. ಸೋಗೆಯ ನೆರಳಿನಲ್ಲಿ ಪ್ಯಾನೆಲ್‌ಗೆ ಬಿಸಿಲು ಸಾಲದು, ಆಷಾಢದ ಮೋಡಕ್ಕೆ ಬ್ಯಾಟರಿಯೇ ಕೂರುತ್ತದೆ. ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿದರೆ ಇನ್‌ಫ್ರಾರೆಡ್ ಬೆಳಕಿಗೆ ಆ ಎಳೆಗಳೇ ಬೆಳ್ಳಗೆ ಹೊಳೆದು ಮೊಬೈಲಿಗೆ ರಾತ್ರಿಯಿಡೀ ಸುಳ್ಳು ಎಚ್ಚರಿಕೆ ಬರುತ್ತದೆ. ಹಳ್ಳದ ತೋಟದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಚಿತ್ರವೆಲ್ಲ ಕಾರ್ಡಿನಲ್ಲೇ ಉಳಿದು, ಕಾರ್ಡಿನ ಸಮೇತ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋಗಬಹುದು. ಕರೆಂಟು, ವೈಫೈ ಇರುವ ಮನೆಯಂಗಳಕ್ಕೆ ಅದು ಸರಿ. ತೋಟಕ್ಕೆ ಫಲಕವೇ ವಾಸಿ.

ಆದರೆ ಎರಡೂ ಹಿಡಿಯುವುದು ಕಳ್ಳನ ಸ್ವಾರ್ಥವನ್ನೇ. ಕ್ಯಾಮೆರಾ ಪೊಲೀಸರ ಭಯ ಹುಟ್ಟಿಸುತ್ತದೆ, ಫಲಕ ತನಗೂ ಮಕ್ಕಳಿಗೂ ಕೇಡಾದೀತು ಎಂಬ ಭಯ. ಕೈ ಹಿಂದೆ ಸರಿದದ್ದು ನಿಜ, ‘ಇದು ಇನ್ನೊಬ್ಬರ ವರ್ಷದ ದುಡಿಮೆ’ ಎಂಬ ಅರಿವಿನಿಂದ ಸರಿದದ್ದಲ್ಲ. 1785ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಅಂಗಡಿಯವನ ಉದಾಹರಣೆ ಕೊಟ್ಟು ಹೇಳಿದ್ದು ಇದನ್ನೇ: ಗಿರಾಕಿ ತಪ್ಪಿಹೋದಾನೆಂದು ಮಗುವಿಗೂ ಸರಿಯಾದ ಬೆಲೆಗೆ ಮಾರುವವನ ವ್ಯವಹಾರ ನ್ಯಾಯವಾದದ್ದು, ಆದರೆ ಅದರಲ್ಲಿ ನೈತಿಕ ಯೋಗ್ಯತೆ ಇಲ್ಲ. 2006ರಲ್ಲಿ ಪ್ರಕಟವಾದ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಕಾಫಿಗೆ ತಾವಾಗಿಯೇ ದುಡ್ಡು ಹಾಕುವ ಡಬ್ಬಿಯ ಬಳಿ ಹೂವಿನ ಬದಲು ಕಣ್ಣುಗಳ ಚಿತ್ರ ಅಂಟಿಸಿದ ವಾರಗಳಲ್ಲಿ ಸುಮಾರು ಮೂರು ಪಟ್ಟು ಹಣ ಬಿತ್ತು. ಮುಂದಿನ ಅಧ್ಯಯನಗಳಲ್ಲಿ ಕೆಲವದರ ಫಲಿತಾಂಶ ಇದಕ್ಕೆ ಹೊಂದಲಿಲ್ಲ. ಅಲ್ಲಿ ದೇವರಿರಲಿಲ್ಲ, ಯಾರೋ ನೋಡುತ್ತಿದ್ದಾರೆ ಎಂಬ ಅನಿಸಿಕೆ ಇತ್ತು, ಅಷ್ಟೆ.

ಫಲಕದ ದೊಡ್ಡ ಕೊರತೆ ಅದರ ದಿಕ್ಕಿನದು. ಅದರ ಮುಖ ದಾರಿಹೋಕರ ಕಡೆಗಿದೆ, ಮನೆಯ ಕಡೆಗಲ್ಲ. ರಾಶಿ ಇಡಿಗೆ ಕಡಿಮೆ ದರ್ಜೆಯ ಗೊರಬಲು ಬೆರೆಸಿದರೆ, ಸರಿಯಾಗಿ ಒಣಗದ್ದನ್ನು ಚೀಲದ ಅಡಿಗೆ ಹಾಕಿದರೆ, ಸುಲಿಯುವವರ ಅಳತೆಯ ಡಬ್ಬಿಯನ್ನು ಗುಡ್ಡೆಯಾಗಿ ತುಂಬಿಸಿಕೊಂಡು ಸಮ ಡಬ್ಬಿಯ ಕೂಲಿ ಕೊಟ್ಟರೆ ಅದು ಏನೂ ಹೇಳುವುದಿಲ್ಲ. ಹೊಸನಗರ ತಾಲ್ಲೂಕಿನ ಹುಂಚದ ಬಸದಿಗಳನ್ನು ಕಟ್ಟಿದ ಜೈನರ ದಾರಿ ಈ ವಿಷಯದಲ್ಲಿ ಹೆಚ್ಚು ಖಡಕ್ಕು. ಸೃಷ್ಟಿಕರ್ತ ದೇವರನ್ನೇ ಒಪ್ಪದ ಆ ಧರ್ಮದ ತತ್ತ್ವಾರ್ಥಸೂತ್ರ, ಅಸ್ತೇಯ (ಕದಿಯದಿರುವ) ವ್ರತದ ದೋಷಗಳಲ್ಲಿ ಕದ್ದ ಮಾಲು ಕೊಳ್ಳುವುದನ್ನು, ಸುಳ್ಳು ತೂಕ-ಅಳತೆಯನ್ನು, ಕಲಬೆರಕೆಯನ್ನು ಹೆಸರಿಟ್ಟು ಎಣಿಸುತ್ತದೆ. ಶಿಕ್ಷಿಸುವ ದೇವರಿಲ್ಲದೆಯೂ ನೀತಿಯನ್ನು ಇಷ್ಟು ಬಿಗಿಯಾಗಿ ಹೇಳಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಮಲೆನಾಡಿನಲ್ಲಿ ಬೇಕಿಲ್ಲ.

ಸ್ವಾರ್ಥವೆಲ್ಲ ಕೆಟ್ಟದ್ದು ಎನ್ನುವುದೂ ಸರಿಯಲ್ಲ. ಕೊಯ್ಲಿನ ದಿನಗಳ ಮುಯ್ಯಾಳು ನಡೆಯುವುದೇ ‘ಇವತ್ತು ನಿಮ್ಮನೆ, ನಾಳೆ ನಮ್ಮನೆ’ ಎಂಬ ಲೆಕ್ಕದಲ್ಲಿ. ಅದೇ ಲೆಕ್ಕದಲ್ಲಿ ನಾಲ್ಕೈದು ಮನೆಯವರು ಪಾಳಿ ಹಾಕಿಕೊಂಡು ಅಂಗಳಗಳನ್ನು ನೋಡಿಕೊಂಡರೆ ಅದರಷ್ಟು ಗಟ್ಟಿ ಕಾವಲು ಇನ್ನೊಂದಿಲ್ಲ. ಕೆಡುವುದು ಎಲ್ಲಿ ಎಂದರೆ, ತನ್ನ ಅಡಿಕೆ ಮಾರಾಟವಾದ ಕೂಡಲೇ ಪಾಳಿಗೆ ಬರುವುದನ್ನು ಬಿಡುವವರಲ್ಲಿ. ಕೊನೆಯ ಮನೆಯ ಚೀಲ ಮಂಡಿಗೆ ಹೋಗುವವರೆಗೆ ಪಾಳಿ ಎಂದು ಮೊದಲೇ ಮಾತಾಡಿಕೊಳ್ಳಬೇಕು. ನಮ್ಮ ಶಿಫಾರಸು ಮೊದಲು ಪಾಳಿಗೆ, ಆಮೇಲೆ ಫಲಕಕ್ಕೆ. ಕ್ಯಾಮೆರಾ ಅಂಗಳಕ್ಕೆ ಮಾತ್ರ.

ಫಲಕ ಹಾಕುವವರು ಅಡಿಕೆ ಮರಕ್ಕೆ ಮೊಳೆ ಹೊಡೆಯಬೇಡಿ, ಗಾಯದಲ್ಲಿ ನೀರಿಳಿದು ಕೊಳೆಯುತ್ತದೆ. ಕಲ್ಲುಕಂಬಕ್ಕೆ ತಂತಿಯಲ್ಲಿ ಕಟ್ಟಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಗೋಣಿ ಮುಚ್ಚಿ, ಇಲ್ಲದಿದ್ದರೆ ಮೈಲುತುತ್ತ-ಸುಣ್ಣದ ಕಲೆ ಕೂತು ಅಕ್ಷರ ಕಾಣುವುದಿಲ್ಲ. ಗಡಿ ತಕರಾರು ಇರುವ ಜಾಗಕ್ಕೆ, ಒತ್ತುವರಿಗೆ ಮಾತ್ರ ಹಾಕಲೇಬೇಡಿ. ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಾದ ಸೊಪ್ಪಿನ ಬೆಟ್ಟಕ್ಕೆ ಬೇಲಿ ಸರಿಸಿ ಅಲ್ಲಿ ದೇವಿಯ ಹೆಸರು ನೆಟ್ಟವರನ್ನು ಊರು ನೋಡಿರುತ್ತದೆ, ಆಮೇಲೆ ಪಕ್ಕದ ಪ್ರಾಮಾಣಿಕರ ಫಲಕಕ್ಕೂ ಬೆಲೆ ಇರುವುದಿಲ್ಲ.