14 ವರ್ಷದ ಕಾರು, ಎರಡು ವರ್ಷ ತುಂಬದ ಕಾರು: ಎರಡನ್ನೂ ಓಡಿಸಿ ಹಳೆಯದನ್ನೇ ಯಾಕೆ ಉಳಿಸಿಕೊಂಡೆ

ನನ್ನ ಕಾರಿಗೆ 14 ವರ್ಷ. ಪಕ್ಕದಲ್ಲೇ ನಿಲ್ಲುವ ಅಣ್ಣನ ಕಾರಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಇಬ್ಬರೂ ಎರಡನ್ನೂ ಓಡಿಸುತ್ತೇವೆ. ಯಾವುದು ಮುಂದೆ ನಿಂತಿರುತ್ತದೋ ಅದನ್ನು ತೆಗೆದುಕೊಂಡು ಹೋಗುವುದು ನಮ್ಮ ರೂಢಿ. ಹಾಗಾಗಿ 'ಹಳೆಯದನ್ನೇ ಇಟ್ಟುಕೊಳ್ಳಲಾ, ಹೊಸದು ತಗೊಳ್ಳಲಾ' ಅನ್ನೋ ಪ್ರಶ್ನೆ ಬಂದಾಗ ನಾನು ಶೋರೂಮಿನ ಟೆಸ್ಟ್ ಡ್ರೈವ್ ನಂಬಿ ಕೂರಬೇಕಾಗಿರಲಿಲ್ಲ. ಮಳೆಯಲ್ಲಿ, ಟ್ರಾಫಿಕ್ಕಿನಲ್ಲಿ, ರಾತ್ರಿ ಹೆದ್ದಾರಿಯಲ್ಲಿ ಎರಡನ್ನೂ ಓಡಿಸಿ ನೋಡಿದ್ದೆ. ಕೊನೆಗೆ ಹೊಸ ಕಾರಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಒಂದು ಸಣ್ಣ ಪಾಲನ್ನು ಹಳೆಯದರ ರಿಪೇರಿಗೆ ಹಾಕಿದೆ. ಆ ತೀರ್ಮಾನ ನನಗೆ ತುಂಬಾ ಖುಷಿ ಕೊಟ್ಟಿದೆ.

ಎಂಜಿನ್ ಎಷ್ಟು ಸಿಸಿ, ಉದ್ದ ಎಷ್ಟು, ಡಿಕ್ಕಿಯಲ್ಲಿ ಎಷ್ಟು ಜಾಗ ಅನ್ನೋದನ್ನೆಲ್ಲ ಬಿಡುತ್ತೇನೆ. ಹಳೆಯದು ಸಾದಾ ಪೆಟ್ರೋಲ್ ಎಂಜಿನ್, ಮ್ಯಾನ್ಯುಯಲ್ ಗೇರು. ಹೊಸದು ಟರ್ಬೊ, ಆಟೊಮ್ಯಾಟಿಕ್, ನಡುವೆ ದೊಡ್ಡ ಸ್ಕ್ರೀನು. ಇಷ್ಟು ಗೊತ್ತಿದ್ದರೆ ಸಾಕು.

ಮಾರುವ ಮಾತು ಶುರುವಾಗಿದ್ದು ಒಂದೇ ಒಂದು ತೊಂದರೆಯಿಂದ. ಬೆಳಿಗ್ಗೆ ಕಾರು ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿತ್ತು. ಹತ್ತಿರದ ಓಡಾಟಕ್ಕೆ ಏನೂ ತಕರಾರಿಲ್ಲ. ಆದರೆ ದೂರ ಹೋಗಿ ಎಂಜಿನ್ ಚೆನ್ನಾಗಿ ಕಾದ ಮೇಲೆ, ಅದೂ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವಾಗ, ಸದ್ದಿಲ್ಲದೆ ಆಫ್ ಆಗಿಬಿಡುತ್ತಿತ್ತು. ಸೆಲ್ಫ್ ಹೊಡೆದರೆ ಮೋಟಾರು ಜೋರಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಅರ್ಧ ಗಂಟೆ ಬಾನೆಟ್ ತೆರೆದು ಕಾದರೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್! ಹಿಂದಿನ ಗಾಡಿಗಳೆಲ್ಲ ಹಾರನ್ ಹೊಡೆಯುತ್ತಿರುವಾಗ ನಡುರಸ್ತೆಯಲ್ಲಿ ಸತ್ತ ಕಾರಿನೊಳಗೆ ಕೂರುವುದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕಿಗೆ ಎಂಜಿನ್ನಿಂದ ಸಿಗುವ ವ್ಯಾಕ್ಯೂಮ್ ಸಹಾಯವೂ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಹೀಗಾದರೆ ಗತಿ ಏನು ಅನ್ನೋ ಭಯ ತಲೆಯಲ್ಲಿ ಕೂತುಬಿಟ್ಟಿತು.

ಗ್ಯಾರೇಜಿಗೆ ಒಯ್ದಾಗಲೆಲ್ಲ ಅಲ್ಲಿ ಸರಿಯಾಗಿಯೇ ಓಡುತ್ತಿತ್ತು. ಸ್ಕ್ಯಾನರ್ ಹಾಕಿದರೆ ದೋಷ ತೋರಿಸುವ ಒಂದು ಕೋಡೂ ಇಲ್ಲ. ಮೊದಲು ಇಂಧನ ಪಂಪ್ ಬದಲಾಯಿತು. ಆಮೇಲೆ ಇಗ್ನಿಷನ್ ಕಾಯಿಲ್. ಬಿಲ್ ಬೆಳೆಯಿತು, ತೊಂದರೆ ಹಾಗೇ ಉಳಿಯಿತು. 'ಇಷ್ಟು ವರ್ಷದ ಗಾಡಿ ಸರ್, ವೈರಿಂಗ್ ಎಲ್ಲ ಹೋಗಿರುತ್ತೆ, ಕೊಟ್ಬಿಡಿ' ಅಂದರು ಅಲ್ಲಿನವರು. ಅಣ್ಣನೂ 'ಇನ್ನೂ ಇದನ್ನ ನಂಬ್ಕೊಂಡು ಹೊರಗೆ ಹೋಗ್ತೀಯಾ?' ಅಂತ ಕೇಳತೊಡಗಿದ. ಹೊಸ ಕಾರಿನ ಸಾಲದ ಲೆಕ್ಕ ಹಾಕಿದ್ದೂ ಆ ದಿನಗಳಲ್ಲೇ.

ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಸಿಕ್ಕರು. ಅವರು ಏನನ್ನೂ ಬಿಚ್ಚುವ ಮೊದಲು ಕಾರನ್ನು ಕಾಯಿಸಿ, ಅದಾಗಿಯೇ ಆಫ್ ಆಗುವವರೆಗೂ ಕಾದರು. ಆಫ್ ಆದ ತಕ್ಷಣ ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆರೆದು, ಸೆಲ್ಫ್ ಹೊಡೆಯಿರಿ ಅಂದರು. ಮೋಟಾರು ತಿರುಗುತ್ತಿದೆ, ಸ್ಕ್ರೀನಿನಲ್ಲಿ ಆರ್‌ಪಿಎಂ ಮಾತ್ರ ಸೊನ್ನೆ. ಎಂಜಿನ್ ತಿರುಗುತ್ತಿದೆ ಅನ್ನೋದೇ ಕಂಪ್ಯೂಟರಿಗೆ ಗೊತ್ತಾಗುತ್ತಿಲ್ಲ ಅಂದ ಹಾಗಾಯಿತು. ಅದನ್ನು ಹೇಳಬೇಕಾದದ್ದು ಕ್ರ್ಯಾಂಕ್ ಸೆನ್ಸರ್. ಹೆಬ್ಬೆರಳಷ್ಟು ದೊಡ್ಡ ಸಾಮಾನು, ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟಿನ ಜೊತೆ ತಿರುಗುವ ಒಂದು ಹಲ್ಲಿನ ಚಕ್ರದ ಪಕ್ಕ ಕೂತಿರುತ್ತದೆ. ಎಷ್ಟೋ ಕಾರುಗಳಲ್ಲಿ ಆ ಚಕ್ರದಲ್ಲಿ 60 ಹಲ್ಲಿಗೆ ಜಾಗ ಇರುತ್ತದೆ, ಇರೋದು 58. ಎರಡು ಹಲ್ಲಿನ ಖಾಲಿ ಜಾಗ ಎದುರು ಬಂದಾಗ ಪಿಸ್ಟನ್ ಎಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಯುತ್ತದೆ. ಆ ಸಂಕೇತ ನಿಂತರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ನನ್ನ ಕಾರಿನ ಸೆನ್ಸರಿನೊಳಗಿನ ಸಣ್ಣ ತಾಮ್ರದ ಸುರುಳಿ ಎಲ್ಲೋ ಬಿರುಕು ಬಿಟ್ಟಿತ್ತು. ಕಾದಾಗ ಬಿರುಕು ಅಗಲವಾಗಿ ಸಂಪರ್ಕ ತಪ್ಪುತ್ತಿತ್ತು, ತಣಿದಾಗ ಮತ್ತೆ ಕೂಡುತ್ತಿತ್ತು. ಸೆನ್ಸರ್ ಬದಲಾಯಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಅದರ ಖರ್ಚು ಒಂದು ಸಾದಾ ಸರ್ವೀಸಿಗಿಂತ ಕಡಿಮೆ.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ನನಗೆ ಗೊತ್ತಿರುವ ಎಷ್ಟೋ ಜನ ಹಳೆ ಕಾರು ಮಾರಿದ್ದು ಇಂಥದೇ ಒಂದು ಬಿಡಿಸಲಾಗದ ತೊಂದರೆಯಿಂದ. ಕಾರು ಹಳೆಯದಾಯಿತು ಅಂತ ಅವರು ತಿಳಿದರು. ನಿಜವಾಗಿ ತೊಂದರೆ ಎಲ್ಲಿದೆ ಅಂತ ಯಾರೂ ಹುಡುಕಿರಲಿಲ್ಲ, ಅಷ್ಟೇ. ಕಾದ ಮೇಲೆ ಆಫ್ ಆಗಿ, ತಣಿದ ಮೇಲೆ ಹಿಡಿಯುವ ಕಾರು ನಿಮ್ಮಲ್ಲಿದ್ದರೆ, ಮಾರುವ ಮೊದಲು ಈ ಒಂದು ಪರೀಕ್ಷೆ ಮಾಡಿಸಿ. ಆಫ್ ಆಗಿರುವ ಸ್ಥಿತಿಯಲ್ಲೇ ಮಾಡಿಸಬೇಕು. ತಣ್ಣಗಾದ ಮೇಲೆ ಮಾಡಿಸಿ ಪ್ರಯೋಜನವಿಲ್ಲ.

ಇನ್ನು ಹೊಸದರ ಮಾತು. ಸುರಕ್ಷತೆಯಲ್ಲಿ ಅದೇ ಮೇಲು, ಇದರಲ್ಲಿ ವಾದವೇ ಇಲ್ಲ. ನನ್ನ ಕಾರಿನಲ್ಲಿ ಎಬಿಎಸ್ ಇದೆ, ಮುಂದೆ ಎರಡು ಏರ್‌ಬ್ಯಾಗ್ ಇವೆ. ಇಎಸ್‌ಸಿ ಇಲ್ಲ. ತಿರುವಿನಲ್ಲಿ ಕಾರು ಜಾರಿದರೆ ಒಂದೊಂದೇ ಚಕ್ರಕ್ಕೆ ಬೇಕಾದಷ್ಟು ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ ಅದು. 1995ರಲ್ಲಿ ಮೊದಲು ದುಬಾರಿ ಕಾರುಗಳಿಗೆ ಬಂತು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರ ಕೊನೆಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಬೇರೆ ಗಾಡಿಗೆ ಡಿಕ್ಕಿಯಾಗದೆ ತಾನಾಗಿಯೇ ದಾರಿ ತಪ್ಪಿ ಆಗುವ ಸಾವಿನ ಅಪಘಾತಗಳು ಇದರಿಂದ ಸುಮಾರು ಅರ್ಧಕ್ಕೆ ಇಳಿಯುತ್ತವೆ ಅಂತ ಅಮೆರಿಕದಲ್ಲಿ ರಸ್ತೆ ಸುರಕ್ಷತೆ ನೋಡುವ ಐಐಎಚ್‌ಎಸ್ ಸಂಸ್ಥೆಯ ಅಧ್ಯಯನ ತೋರಿಸಿದೆ. ಅಣ್ಣನ ಕಾರಿನಲ್ಲಿ ಮಳೆ ಬಿದ್ದ ತಿರುವಿನಲ್ಲಿ ಒಮ್ಮೆ ಅದರ ದೀಪ ಡ್ಯಾಶ್‌ಬೋರ್ಡಿನಲ್ಲಿ ಮಿನುಗಿದ್ದನ್ನು ನಾನೇ ನೋಡಿದ್ದೇನೆ. ಕಾರು ಅಲುಗಾಡದೆ ದಾರಿ ಹಿಡಿಯಿತು. ಅದಕ್ಕೇ ಈಗ ರಾತ್ರಿಯ ದೂರ ಪ್ರಯಾಣ, ಮನೆಮಂದಿಯೆಲ್ಲ ಹೋಗುವ ಪ್ರಯಾಣ ಅಂದರೆ ಅಣ್ಣನ ಕಾರನ್ನೇ ತೆಗೆಯುತ್ತೇವೆ. ಮನೆಯಲ್ಲಿ ನನ್ನದೊಂದೇ ಕಾರು ಇದ್ದು, ವಾರವಾರ ಹೆದ್ದಾರಿ ಹಿಡಿಯುವವನಾಗಿದ್ದರೆ ನಾನು ಹೊಸದನ್ನೇ ಕೊಳ್ಳುತ್ತಿದ್ದೆ.

ಸದ್ದು ಹೊಸದರಲ್ಲಿ ಕಡಿಮೆ. ಎಸಿ ಎರಡರಲ್ಲೂ ಚೆನ್ನಾಗಿದೆ. ಸೀಟು ನನಗೆ ಹಳೆಯದರದೇ ಹಿತ.

ಸ್ಕ್ರೀನು ನನಗೆ ಒಗ್ಗಲಿಲ್ಲ. ಹಳೆಯ ಕಾರಿನಲ್ಲಿ ಗಾಜಿನ ಮೇಲೆ ಮಂಜು ಕಟ್ಟಿದರೆ ಕಣ್ಣು ರಸ್ತೆ ಮೇಲೆ ಇಟ್ಟೇ ಗುಂಡಿ ತಿರುಗಿಸುತ್ತೇನೆ. ಹೊಸದರಲ್ಲಿ ಸ್ಕ್ರೀನ್ ನೋಡಿ, ಪುಟ ಬದಲಿಸಿ, ಸರಿಯಾದ ಜಾಗಕ್ಕೆ ಬೆರಳು ತಾಗಿಸಬೇಕು. ಹೊಂಡ ಬಿದ್ದ ರಸ್ತೆಯಲ್ಲಿ ಅದು ಎಷ್ಟು ಕಷ್ಟ ಅಲ್ವಾ? ಸುಮ್ನೆ ನನ್ನೊಬ್ಬನ ಗೊಣಗಾಟ ಅಲ್ಲ ಇದು. 2026ರಿಂದ ಸುರಕ್ಷತೆಗೆ ಪೂರ್ತಿ ಸ್ಟಾರ್ ಬೇಕಿದ್ದರೆ ಇಂಡಿಕೇಟರ್, ಹಾರನ್, ವೈಪರ್‌ನಂಥ ಮುಖ್ಯ ಕೆಲಸಗಳಿಗೆ ಕೈಗೆ ಸಿಗುವ ಬಟನ್ ಅಥವಾ ಕಡ್ಡಿ ಇರಬೇಕು ಅಂತ ಕಾರುಗಳ ಸುರಕ್ಷತೆ ಪರೀಕ್ಷಿಸುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ ಕೂಡ ಹೇಳಿದೆ.

ಸಣ್ಣ ಪೆಟ್ಟಿನ ಖರ್ಚೂ ಹೊಸದರಲ್ಲಿ ಜಾಸ್ತಿ. ಮುಂದಿನ ಗಾಜಿಗೆ ಕಲ್ಲು ಬಿದ್ದು ಬಿರುಕು ಬಿಟ್ಟಿತು ಅಂದುಕೊಳ್ಳಿ. ಗಾಜು ಬದಲಿಸಿದ ಮೇಲೆ ಅದರ ಹಿಂದಿರುವ, ರಸ್ತೆ ನೋಡುವ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು, ಆ ಸಲಕರಣೆ ಎಲ್ಲ ಗ್ಯಾರೇಜಿನಲ್ಲೂ ಇರಲ್ಲ. ಎಲ್‌ಇಡಿ ಹೆಡ್‌ಲೈಟ್ ಕೆಟ್ಟರೆ ಎಷ್ಟೋ ಕಾರುಗಳಲ್ಲಿ ಇಡೀ ಲೈಟನ್ನೇ ಬದಲಿಸಬೇಕು. ನನ್ನದರಲ್ಲಿ ಬಲ್ಬ್ ಸುಟ್ಟರೆ ನಾನೇ ಹಾಕಿಕೊಳ್ಳುತ್ತೇನೆ. ಪೆಟ್ರೋಲ್ ಉಳಿಸಲು ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗುವ ಕಾರುಗಳಿಗೆ ಅದಕ್ಕೆಂದೇ ಮಾಡಿದ ಗಟ್ಟಿ ಬ್ಯಾಟರಿ ಬೇಕು, ಸಾದಾ ಬ್ಯಾಟರಿಗಿಂತ ದುಬಾರಿ. ಇನ್ನು ಸ್ಟೆಪ್ನಿ. ಅಣ್ಣನ ಕಾರಿನಲ್ಲಿ ಅದು ಇಲ್ಲವೇ ಇಲ್ಲ. ಗಾಳಿ ತುಂಬುವ ಪಂಪು, ಅಂಟಿನ ಡಬ್ಬಿ ಕೊಟ್ಟಿದ್ದಾರೆ. ಟೈರಿನ ಪಕ್ಕದ ಗೋಡೆ ಹರಿದರೆ ಆ ಡಬ್ಬಿ ಯಾವ ಕೆಲಸಕ್ಕೂ ಬರುವುದಿಲ್ಲ.

ಈಗ ದುಡ್ಡಿನ ಲೆಕ್ಕ. ರಿಪೇರಿಯ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಮಾರಿಬಿಡಿ ಅನ್ನುವವರು ಬಹಳ ಜನ. ಈ ಲೆಕ್ಕ ನಾನು ಒಪ್ಪುವುದಿಲ್ಲ. ಹಳೆಯ ಕಾರಿಗೆ ಪೇಟೆಯಲ್ಲಿ ಬೆಲೆ ಇಲ್ಲ ಅಂದ ಮಾತ್ರಕ್ಕೆ ಅದು ನನಗೆ ಮಾಡಿಕೊಡುವ ಕೆಲಸ ಕಡಿಮೆಯಾಗುವುದಿಲ್ಲ. ರಿಪೇರಿಯ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಹೊಸ ಕಾರಿಗೆ ಒಂದು ವರ್ಷಕ್ಕೆ ಆಗುವ ಖರ್ಚನ್ನು. ಸಾಲದ ಬಡ್ಡಿ, ದೊಡ್ಡ ವಿಮೆ ಕಂತು, ಎಲ್ಲಕ್ಕಿಂತ ಹೆಚ್ಚಾಗಿ ಆ ವರ್ಷ ಕಾರು ಕಳೆದುಕೊಳ್ಳುವ ಬೆಲೆ. ಕಾರಿನ ಬೆಲೆ ಅತಿ ಜೋರಾಗಿ ಇಳಿಯುವುದೇ ಮೊದಲ ಮೂರು ನಾಲ್ಕು ವರ್ಷಗಳಲ್ಲಿ. ಯಾರ ಕೈಗೂ ಆ ಬಿಲ್ ಬರುವುದಿಲ್ಲ, ಹಾಗಾಗಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಕಾರು ಕಳೆದುಕೊಳ್ಳಬೇಕಾದದ್ದನ್ನು ಎಂದೋ ಕಳೆದುಕೊಂಡಿದೆ. ಪೆಟ್ರೋಲು ಹೊಸದು ಸ್ವಲ್ಪ ಕಡಿಮೆ ಕುಡಿಯುತ್ತದೆ, ನಿಜ. ನನ್ನ ಓಡಾಟ ಕಡಿಮೆ. ಆ ಉಳಿತಾಯದಲ್ಲಿ ವಿಮೆಯ ವ್ಯತ್ಯಾಸವೂ ತುಂಬುವುದಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಕಾರಿನಲ್ಲಿ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬರುವ ಖರ್ಚುಗಳು ಕೆಲವಿವೆ. ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು, ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟ್, ಕ್ಲಚ್, ರೇಡಿಯೇಟರ್ ಮತ್ತು ಅದರ ಪೈಪುಗಳು. ರಬ್ಬರಿಗೆ ಕಿಲೋಮೀಟರ್ ಲೆಕ್ಕ ಇಲ್ಲ. ನಿಂತಲ್ಲೇ ನಿಂತರೂ ಬಿರುಕು ಬಿಡುತ್ತದೆ. ಈ ಖರ್ಚುಗಳೆಲ್ಲ ಒಟ್ಟಿಗೆ ಬಂದಾಗ ಜನ ಸುಸ್ತಾಗಿ, ಎಲ್ಲ ಮಾಡಿಸಿ, ಆಮೇಲೆ ಮಾರುತ್ತಾರೆ. ಕೊಂಡವರು ಹಾಯಾಗಿ ಇನ್ನೈದು ವರ್ಷ ಓಡಿಸುತ್ತಾರೆ. ನಾನು ಸೆನ್ಸರ್ ಸರಿಹೋದ ಮೇಲೆ ಬುಷ್, ಶಾಕ್ ಅಬ್ಸಾರ್ಬರ್, ಮೌಂಟ್ ಎಲ್ಲ ಒಂದೇ ಸಲ ಹಾಕಿಸಿದೆ. ಹಳೆ ಕಾರು ಅಂದರೆ ಗಡಗಡ ಅನ್ನುವುದು ಸಹಜ ಅಂದುಕೊಂಡಿದ್ದ ಅಣ್ಣ ಆಮೇಲೆ ಓಡಿಸಿ ನೋಡಿ, 'ಇದೇನೋ, ಬೇರೆ ಗಾಡಿನೇ ಆಗಿದೆ' ಅಂದ. ಆ ಇಡೀ ಕೆಲಸದ ಬಿಲ್ಲು ಅವನ ಸಾಲದ ನಾಲ್ಕು ತಿಂಗಳ ಕಂತಿನಷ್ಟೂ ಆಗಲಿಲ್ಲ. ಇದನ್ನೆಲ್ಲ ಮಾಡಿಸಿದ ಮೇಲೆ ಮಾರಲು ನನಗೆ ಮನಸ್ಸೇ ಬರಲ್ಲ.

ಮೂರು ನಾಲ್ಕು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಕಾರೂ ನೋಡಿದೆ. ಬೆಲೆ ಇಳಿದಿರುತ್ತದೆ, ಒಳ್ಳೆಯದೇ. ಆದರೆ ನನ್ನ ಕಾರಿಗೆ ಯಾವಾಗ ಏನು ಹಾಕಿಸಿದೆ ಅಂತ ನನಗೆ ಗೊತ್ತು, ಅದರದ್ದು ಗೊತ್ತಿಲ್ಲ.

ಹಳೆಯದನ್ನು ಇಟ್ಟುಕೊಳ್ಳುವುದು ಅಂದರೆ ಹಾಗೇ ಬಿಟ್ಟುಬಿಡುವುದಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನೋ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿಯಿತೋ, ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುತ್ತೇನೆ. ಟೈರಿನ ಮೇಲೆ DOT ಅನ್ನೋ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಮೇಲಿನ ಗೀರುಗಳು ಸವೆದಿಲ್ಲ ಅಂತ ಹತ್ತು ವರ್ಷದ ಟೈರ್ ಓಡಿಸಬೇಡಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದರೆ ಕಂಪನಿ ಹೇಳಿದ ಅವಧಿ ದಾಟಿಸಲೇಬೇಡಿ. ಬೆಲ್ಟ್ ಹರಿದು ವಾಲ್ವ್‌ಗಳಿಗೆ ಪಿಸ್ಟನ್ ಬಡಿದರೆ ಅಲ್ಲಿಗೆ ಕಾರಿನ ಕಥೆ ಮುಗಿದ ಹಾಗೇ.

ಗ್ಯಾರೇಜಿಗೆ ಹೋಗಿ ನಿಲ್ಲಲು ಪುರುಸೊತ್ತಿಲ್ಲದವರಿಗೆ, ಕಾರು ಕೈಕೊಟ್ಟರೆ ಅಂದಿನ ದುಡಿಮೆಯೇ ಹೋಗುವವರಿಗೆ ನನ್ನ ದಾರಿ ಆಗಿಬರುವುದಿಲ್ಲ. ನನ್ನದು ಬಹುತೇಕ ಹತ್ತಿರದ ಓಡಾಟ, ನಂಬುವ ಮೆಕ್ಯಾನಿಕ್ ಇದ್ದಾರೆ, ಸಾಲ ಅಂದರೆ ನಿದ್ದೆ ಬರಲ್ಲ. ಹಾಗಾಗಿ ಹಳೆಯದೇ ಇರುತ್ತದೆ.

ಯಾವಾಗ ಮಾರುತ್ತೇನೆ ಅನ್ನೋದನ್ನೂ ಗಟ್ಟಿ ಮಾಡಿಕೊಂಡಿದ್ದೇನೆ. ಎಂಜಿನ್, ಗೇರ್‌ಬಾಕ್ಸ್ ರಿಪೇರಿಯಾಗುತ್ತವೆ. ತುಕ್ಕು ಹಾಗಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಕಾರನ್ನು ಲಿಫ್ಟಿಗೆ ಏರಿಸಿ, ಬಾಗಿಲ ಕೆಳಗಿನ ಪಟ್ಟಿ, ಜಾಕ್ ಇಡುವ ಜಾಗ, ಸಸ್ಪೆನ್ಷನ್ ಬಾಡಿಗೆ ಸೇರುವ ಕಡೆಗಳನ್ನೆಲ್ಲ ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟಿ ನೋಡುತ್ತೇವೆ. ಈ ವರ್ಷವೂ ಎಲ್ಲ ಕಡೆ ಗಟ್ಟಿ ಸದ್ದೇ ಬಂತು. ಅಲ್ಲಿ ಎಲ್ಲಾದರೂ ತಗಡು ಒಳಗೆ ಕುಸಿದರೆ ಅಂದೇ ಮಾರುತ್ತೇನೆ. ಆಗ ಕೊಳ್ಳುವ ಕಾರಿನಲ್ಲಿ ಇಎಸ್‌ಸಿ ಇರಲೇಬೇಕು, ಎಸಿಗೆ ತಿರುಗಿಸುವ ಗುಂಡಿ ಇರಲೇಬೇಕು, ಡಿಕ್ಕಿಯಲ್ಲಿ ಸ್ಟೆಪ್ನಿಯೂ ಇರಬೇಕು.